ಭಾನುವಾರದ ಫೋಟೋ ಸಾರ್

ಕಳೆದ ತಿಂಗಳು ಕಡೂರಿನ ತಂಗಿಯ ಮನೆಗೆ ಹೋಗಿದ್ದೆ. ಅಡುಗೆಮನೆಯಲ್ಲಿ ಅವಳ ಸೊಸೆ ಮಕ್ಕಳಿಗೆಂದು ಗೋಬಿ ಮಂಚೂರಿ ಮಾಡುತ್ತಿದ್ದಳು. ಅವಳು ವಿನೆಗರ್ ಬಾಟಲಿಯ ಮುಚ್ಚಳ ತಿರುಗಿಸಿದ್ದೇ ತಡ, ನಡುಮನೆಯಲ್ಲಿ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದ ನನ್ನ ಕೈ ನಿಂತುಬಿಟ್ಟಿತು. ಆ ಹುಳಿ ವಾಸನೆ ನನ್ನ ಮೂಗಿಗೆ ಯಾವತ್ತೂ ಅಡುಗೆಯದಲ್ಲ, ಬಚ್ಚಲುಮನೆಯದು. ಬಾಗಿಲ ಸಂದಿಗೆ ಹಳೇ ಕಂಬಳಿ ತುರುಕಿ, ಕೆಂಪು ಬಲ್ಬು ಹಾಕಿಕೊಂಡು, ಫೋಟೋ ತೊಳೆಯುವ ಮದ್ದಿನ ಮೂರು ತಟ್ಟೆಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತಿರುತ್ತಿದ್ದ ಕಾಲದ್ದು.

"ಏನಕ್ಕ, ತಲೆ ಸುತ್ತು ಬಂತಾ?" ಅಂದಳು ತಂಗಿ.

"ಇಲ್ಲ ಕಣೆ. ಅಜ್ಜಂಪುರ ನೆನಪಾಯ್ತು."

"ವಿನೆಗರ್‌ಗೂ ಅಜ್ಜಂಪುರಕ್ಕೂ ಯಾವ ಬೀಗತನ?" ಎಂದು ನಕ್ಕು ಅವಳು ಒಳಗೆ ಹೋದಳು. ನಾನು ಹೇಳಲು ಹೋಗಲಿಲ್ಲ. ಹೇಳಿದರೆ ಗಿರಿಜೆಯವರೆಗೂ ಹೇಳಬೇಕಾಗುತ್ತದೆ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮವರು ಅಜ್ಜಂಪುರದ ಒಂದು ಬ್ಯಾಂಕಿನಲ್ಲಿ ಕ್ಯಾಶಿಯರ್. ಶನಿವಾರ ಮಧ್ಯಾಹ್ನ ಬ್ಯಾಂಕು ಮುಚ್ಚಿದರೆ ಮತ್ತೆ ತೆರೆಯುವುದು ಸೋಮವಾರ. ಚಿಕ್ಕಮಗಳೂರಿನ ಕಾನ್ವೆಂಟಿನಲ್ಲಿ ಓದಿದವಳು ನಾನು. ಭಾನುವಾರವೆಂದರೆ ಕೈ ಕಟ್ಟಿ ಕೂರುವ ದಿನ ಎಂಬುದನ್ನು ಸಿಸ್ಟರುಗಳು ನಮ್ಮೊಳಗೆ ಹೊಲಿದೇ ಕಳಿಸಿದ್ದರು. ಮದುವೆಯಾದ ಮೇಲೆ ಭಾನುವಾರಗಳಲ್ಲಿ ಇಬ್ಬರೂ ಸ್ಟೇಷನ್ನಿನ ಕಡೆ ನಡೆದು ಹೋಗಿ, ಬೀರೂರಿನ ರೈಲು ಬಂದು ಹೋಗುವುದನ್ನು ನೋಡಿ ವಾಪಸ್ಸು ಬರುತ್ತಿದ್ದೆವು. ಆ ಸುಖ ಒಂದೇ ವರ್ಷದ್ದು. ತರೀಕೆರೆಯಲ್ಲಿ ಮುಚ್ಚಿಹೋದ ಯಾವುದೋ ಸ್ಟುಡಿಯೋದವರಿಂದ ನಮ್ಮವರು ಒಂದು ಹಳೇ ಕ್ಯಾಮೆರಾ, ಒಂದು ಫ್ಲಾಶ್, ಪ್ರಿಂಟು ಹಾಕುವ ಒಂದು ದೊಡ್ಡ ಯಂತ್ರ ಎಲ್ಲವನ್ನೂ ಗೋಣಿಚೀಲದಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ತಂದರು.

"ಸಂಬಳದ ಜೊತೆಗೆ ನಾಲ್ಕು ಕಾಸು ಆಗುತ್ತೆ" ಎಂದರು. ಕಾಸಿನ ಮಾತು ನನಗೆ ಹೇಳಿದ್ದು. ಕ್ಯಾಮೆರಾದ ಗಾಜನ್ನು ಒರೆಸುವಾಗ ಅವರ ಮುಖ ನೋಡಿದ್ದರೆ ಬೇರೆ ವಿಷಯ ಯಾರಿಗಾದರೂ ತಿಳಿಯುತ್ತಿತ್ತು. ವಾರವಿಡೀ ಕಂಬಿಯ ಹಿಂದೆ ಬೇರೆಯವರ ನೋಟುಗಳನ್ನು ಮುಟ್ಟುವ ಮನುಷ್ಯನಿಗೆ ತನ್ನದು ಎನ್ನುವಂಥ ಒಂದು ಕೆಲಸ ಬೇಕಾಗಿತ್ತು.

ಮೇಲಿನಿಂದ ಬಗ್ಗಿ ನೋಡುವ ಕ್ಯಾಮೆರಾ ಅದು. ಎದೆಗೆ ಒತ್ತಿ ಹಿಡಿದು ತಲೆ ಬಾಗಿಸಬೇಕು. "ಕ್ಯಾಶಿಯರ್ ಸಾರು ಬ್ಯಾಂಕಲ್ಲಿ ಯಾರಿಗೂ ತಲೆ ಬಗ್ಗಿಸಲ್ಲ, ಮದುವೆ ಮನೇಲಿ ನೋಡ್ರಪ್ಪ, ಎಲ್ರಿಗೂ ನಮಸ್ಕಾರ" ಎಂದು ಊರವರು ಹಾಸ್ಯ ಮಾಡುತ್ತಿದ್ದರು. ಶನಿವಾರದವರೆಗೂ ಕ್ಯಾಶಿಯರ್ ಸಾರ್, ಭಾನುವಾರ ಫೋಟೋ ಸಾರ್. ಒಂದೇ ಮನುಷ್ಯನಿಗೆ ಎರಡು ಹೆಸರು.

ಬ್ಯಾಂಕಿನವರು ಬೇರೆ ಕಸುಬು ಮಾಡಬಾರದು ಎಂಬ ನಿಯಮವಿತ್ತು. ಮ್ಯಾನೇಜರು ಒಳ್ಳೆಯವರು. "ಏನಪ್ಪಾ, ನೀನು ಹೇಳಿಲ್ಲ, ನಾನು ಕೇಳಿಲ್ಲ. ವಾರದ ದಿನ ಮಾತ್ರ ನಿನ್ನ ಬೀಗದ ಕೈ ನನ್ನ ಕಣ್ಣ ಮುಂದೆ ಇರ್ಬೇಕು, ಅಷ್ಟೆ" ಎಂದಿದ್ದರಂತೆ. ಬ್ಯಾಂಕಿನ ತಿಜೋರಿಗೆ ಎರಡು ಬೀಗ. ಒಂದರ ಕೈ ಮ್ಯಾನೇಜರ ಹತ್ತಿರ, ಇನ್ನೊಂದು ನಮ್ಮವರ ಹತ್ತಿರ. ಎರಡೂ ಸೇರದೆ ಅದು ತೆರೆಯುವುದೂ ಇಲ್ಲ, ಮುಚ್ಚುವುದೂ ಇಲ್ಲ. ಆದ್ದರಿಂದ ಇವರು ಮದುವೆ ಒಪ್ಪಿಕೊಳ್ಳುವಾಗ ಮೊದಲು ಕೇಳುತ್ತಿದ್ದುದೇ ಮುಹೂರ್ತ ಯಾವ ವಾರ ಎಂದು. ಮದುವೆ ಮಾಡಿಸುವ ಅಯ್ಯನವರೊಬ್ಬರು, "ಈ ಕ್ಯಾಶಿಯರಪ್ಪನ ಸಲುವಾಗಿ ಪಂಚಾಂಗದಲ್ಲಿ ಇನ್ನೆರಡು ಭಾನುವಾರ ಸೇರಿಸಬೇಕಾಗಿದೆ ಕಣ್ರೀ" ಎನ್ನುತ್ತಿದ್ದರು.

ತೊಳೆದು ಪ್ರಿಂಟು ಹಾಕುವ ಕೆಲಸಕ್ಕೆ ನಾನು ಸೇರಿಕೊಂಡೆ. ಮದ್ದಿನ ಡಬ್ಬಿಗಳ ಜೊತೆ ಬರುತ್ತಿದ್ದ ಇಂಗ್ಲಿಷ್ ಚೀಟಿ ಓದಿ ಹೇಳುವುದಕ್ಕೆಂದು ಮೊದಲು ಕರೆದರು. ಅದರಲ್ಲಿ ತಟ್ಟೆಯನ್ನು ಬಿಡದೆ ಅಜಿಟೇಟ್ ಮಾಡಿ ಎಂದಿತ್ತು. ನಾನು ಬರುವ ಮೊದಲೇ ಇವರು ನಿಘಂಟು ತೆಗೆದು ನೋಡಿದ್ದರು. "ಬಿಡದೆ ಚಳವಳಿ ಮಾಡಿ ಅಂತ ಬರ್ದವ್ರಲ್ಲೇ. ಬ್ಯಾಂಕಿನೋನು ಚಳವಳಿ ಮಾಡಿದ್ರೆ ಕೆಲಸ ಉಳಿಯುತ್ತಾ?" ಎಂದು ಗಾಬರಿಯಲ್ಲಿ ಕೇಳಿದರು. ತಟ್ಟೆಯನ್ನು ಮೆಲ್ಲಗೆ ಅಲ್ಲಾಡಿಸುತ್ತಿರಬೇಕು, ಅಷ್ಟೇ ಎಂದು ತೋರಿಸಿದೆ. ಅಂದಿನಿಂದ ಅಲ್ಲಾಡಿಸುವುದು ನನ್ನ ಪಾಲಿಗೆ ಬಂತು. ಒದ್ದೆ ಪ್ರಿಂಟನ್ನು ಕಿಟಕಿಯ ಗಾಜಿಗೆ ಮುಖ ಮಾಡಿ ಅಂಟಿಸುತ್ತಿದ್ದೆ. ಬಿಸಿಲಿಗೆ ಒಣಗಿದ ಮೇಲೆ ಅದು ತಾನಾಗಿ ಚಟ್ಟೆಂದು ಬಿಟ್ಟುಕೊಂಡು ಕೆಳಗೆ ಬೀಳುವುದು. ಧೂಳಿನ ಬಿಳಿ ಚುಕ್ಕೆಗಳಿದ್ದರೆ ಸಣ್ಣ ಕುಂಚದಲ್ಲಿ ತುಂಬುತ್ತಿದ್ದೆ. ಕಾನ್ವೆಂಟಿನ ಚಿತ್ರಕಲೆ ಅಷ್ಟಕ್ಕೆ ಸಾಕಾಗಿತ್ತು.

ಎದುರುಮನೆಯ ಹಾಲಮ್ಮನ ಮಗಳು ಗಿರಿಜಾ ಆಗ ಹತ್ತನೇ ಕ್ಲಾಸು ಮುಗಿಸಿ ಮನೆಯಲ್ಲಿದ್ದಳು. ಹಾಲಮ್ಮನಿಗೆ ಗಂಡ ಇರಲಿಲ್ಲ. ಈರುಳ್ಳಿ ಬೆಳೆಯುವ ಹೊಲವನ್ನು ಮೈದುನ ನೋಡಿಕೊಳ್ಳುತ್ತಿದ್ದ. ಇದ್ದವಳು ಒಬ್ಬಳೇ ಮಗಳು. ಆ ಹುಡುಗಿಗೆ ನಮ್ಮ ಬಚ್ಚಲುಮನೆಯೇ ಟೆಂಟು ಸಿನಿಮಾ. ನನ್ನ ಪಕ್ಕ ಕೂತು, ಬಿಳೀ ಕಾಗದದ ಮೇಲೆ ಮೊದಲು ಕೂದಲು, ಆಮೇಲೆ ಹುಬ್ಬು, ಆಮೇಲೆ ಸೀರೆಯ ಅಂಚು ಮೂಡುವುದನ್ನು ಉಸಿರು ಕಟ್ಟಿ ನೋಡುವಳು. ಮುಖ ಕಂಡೊಡನೆ, "ಅಕ್ಕಾ, ಬಂದ್ರು, ಬಂದ್ರು" ಎನ್ನುವಳು. ಬಾಗಿಲಿಗೆ ನೆಂಟರು ಬಂದ ಹಾಗೆ.

"ಏ, ಅದು ಬೀರೂರಿನ ಯಾರದೋ ಮದುವೆ ಕಣೇ. ನಿನಗೇನು ಗುರುತಾ ಅವರು?"

"ಗುರುತಿಲ್ದಿದ್ರೆ ಏನಕ್ಕ. ನಮ್ಮ ಮುಂದೆ ಬಂದ್ರಲ್ಲ."

ಯಾರನ್ನಾದರೂ ಕಣ್ಣಲ್ಲಿ ಕಣ್ಣಿಟ್ಟು ನೋಡುವ ಹುಡುಗಿ ಅವಳು. ನಗುವ ಮುಂಚೆ ಎಡಗಣ್ಣು ಒಂಚೂರು ಕಿರಿದಾಗುತ್ತಿತ್ತು. "ಹೆಣ್ಣುಮಗು ಹಂಗೆ ಎದುರುಬದುರು ನೋಡಬಾರ್ದು" ಎಂದು ಹಾಲಮ್ಮ ಗದರುತ್ತಲೇ ಇರುತ್ತಿದ್ದಳು.

ಬರೀ ಲೈಟಿನ ವಿಷಯ ನನಗೆ ತಿಳಿದದ್ದು ಆ ಬೇಸಿಗೆಯಲ್ಲಿ. ಕಡೂರಿನ ಒಂದು ಮದುವೆಗೆ ಇವರ ಜೊತೆ ನಾನೂ ಹೋಗಿದ್ದೆ. ರೋಲು ಮುಗಿಯಿತೆಂದು ನನಗೆ ಕೈಸನ್ನೆ ಮಾಡಿದ ಮೇಲೂ ಇವರು ಫ್ಲಾಶ್ ಹೊಡೆಯುತ್ತಲೇ ಇದ್ದರು. ವಾಪಸ್ಸು ಬರುವಾಗ ರೈಲಿನಲ್ಲಿ ಕೇಳಿದೆ.

"ನೋಡೇ, ಒಪ್ಪಿಕೊಂಡಿರೋದು ಒಂದು ರೋಲು. ಅದು ಮುಗಿದ ಮೇಲೆ ಸೋದರತ್ತೆ ಬಂದು ನಿಲ್ತಾಳೆ, ದೊಡ್ಡಪ್ಪನ ಬೀಗರು ಬಂದು ನಿಲ್ತಾರೆ. ಬೇಡ ಅಂದ್ರೆ ಅವರ ಮುಖ ಸಣ್ಣಗಾಗುತ್ತೆ, ಮದುವೆ ಮನೆ ಯಜಮಾನನ ಮರ್ಯಾದೆ ಹೋಗುತ್ತೆ. ರೋಲಿಲ್ದೆ ಬರೀ ಲೈಟು ಹೊಡೆದ್ರೆ ಎಲ್ರಿಗೂ ಸಮಾಧಾನ. ಎಲ್ಲಾ ಊರಲ್ಲೂ ಫೋಟೋದೋರು ಮಾಡೋದು ಹಿಂಗೇ."

"ಆಮೇಲೆ ಬಂದು ಕೇಳಿದ್ರೆ?"

"ಸರಿಯಾಗಿ ಬಂದಿಲ್ಲ ಅನ್ನೋದು. ಯಾರೂ ಕೇಳಲ್ಲ."

"ಸುಳ್ಳಲ್ವಾ ರೀ ಅದು?"

"ನಿಮ್ಮ ಸಿಸ್ಟರು ಯಾವತ್ತಾದ್ರೂ ಮದುವೆ ಮನೇಲಿ ಫೋಟೋ ತೆಗೆದಿದ್ರಾ?" ಎಂದು ಛೇಡಿಸಿ, ಕಿಟಕಿಗೆ ಒರಗಿ ನಿದ್ದೆ ಹೋದರು. ಇಡೀ ಭಾನುವಾರ ನಿಂತೇ ಇದ್ದವರು. ನಾಳೆ ಮತ್ತೆ ಕಂಬಿಯ ಹಿಂದೆ ಕೂರಬೇಕು. ಅವರ ಅಂಗೈಯಲ್ಲಿ ಫ್ಲಾಶಿನ ಹಿಡಿ ಕೊರೆದ ಗೆರೆ ಕೆಂಪಗೆ ಕಾಣುತ್ತಿತ್ತು. ಮತ್ತೆ ನಾನು ಆ ಮಾತು ಎತ್ತಲಿಲ್ಲ.

ಗಿರಿಜೆಯ ಮದುವೆ ಅದೇ ವೈಶಾಖದಲ್ಲಿ, ಭಾನುವಾರವೇ ನಡೆಯಿತು. ಹುಡುಗ ಲಕ್ಕವಳ್ಳಿಯವನು, ಅಣೆಕಟ್ಟೆಯ ಕಚೇರಿಯಲ್ಲಿ ನೌಕರಿ. ಎದುರುಮನೆಯ ಮಗಳೆಂದು ಇವರು ಒಂದರ ಬದಲು ಎರಡು ರೋಲು ಹಾಕಿದರು. ಆದರೆ ಗಿರಿಜೆ ತಲೆ ಎತ್ತುವಂತಿರಲಿಲ್ಲ. ಹಣೆಗೆ ಬಾಸಿಂಗ, ಪಕ್ಕದಲ್ಲೇ ಅವಳ ಸೋದರಮಾವ ಕಾವಲಿಗೆ ನಿಂತ ಹಾಗೆ ನಿಂತಿದ್ದ.

"ಸ್ವಲ್ಪ ಮೇಲೆ ನೋಡಮ್ಮ ಗಿರಿಜಾ" ಎಂದರೆ, "ಸಾರ್, ನೀವು ಸುಮ್ಕೆ ತೆಗೀರಿ. ಮದುವಣಗಿತ್ತಿ ಗಂಡಸರ ಥರ ದುರುಗುಟ್ಟಿಕೊಂಡು ನೋಡಿದ್ರೆ ಬೀಗರು ಏನಂದಾರು?" ಎಂದ ಆತ. "ಲೇ, ನೆಲ ನೋಡೇ."

ಅವಳು ನೆಲ ನೋಡಿದಳು. ಎರಡು ರೋಲಿನಲ್ಲೂ ನೆಲವನ್ನೇ ನೋಡಿದಳು. ಊಟದ ಹೊತ್ತಿಗೆ ರೋಲು ಮುಗಿದಿತ್ತು. ಆಮೇಲೆ ಸೋದರಮಾವ ಎಲೆಯಡಿಕೆಗೆ ಹೋದಾಗ, ಬಾಸಿಂಗ ಬಿಚ್ಚಿದ್ದ ಗಿರಿಜೆ ತನ್ನ ಅವ್ವನನ್ನು ಎಳೆದುಕೊಂಡು ಇವರ ಮುಂದೆ ಬಂದಳು. "ಅಣ್ಣಾ, ಅವ್ವಂದೂ ನಂದೂ ಒಂದು."

ಇವರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಅಜ್ಜಂಪುರದಲ್ಲಿ ಆ ಹೊತ್ತಿನಲ್ಲಿ ಇನ್ನೊಂದು ರೋಲು ಎಲ್ಲಿಂದ ತರುವುದು? ಇಲ್ಲವೆಂದರೆ ಹೊಸ ಮದುಮಗಳ ಮುಖ ಸಣ್ಣಗಾಗುತ್ತದೆ. ಇವರು ಕ್ಯಾಮೆರಾವನ್ನು ಎದೆಗೆ ಒತ್ತಿ ತಲೆ ಬಾಗಿಸಿದರು. ಗಿರಿಜೆ ಅವ್ವನ ತೋಳು ಹಿಡಿದು, ಕತ್ತೆತ್ತಿ, ನೇರವಾಗಿ ನೋಡಿದಳು. ಎಡಗಣ್ಣು ಒಂಚೂರು ಕಿರಿದಾಯಿತು. ಲೈಟು ಬಿತ್ತು.

"ಬಂತಾ ಅಣ್ಣಾ?"

"ಬಂತಮ್ಮ."

ಆಷಾಢಕ್ಕೆ ತವರಿಗೆ ಬಂದಾಗ ಅವಳು ಆಲ್ಬಮ್ಮನ್ನು ತಿರುಗಿಸಿ, "ಅವ್ವನ ಜೊತೆ ನಿಂತಿದ್ದು ಎಲ್ಲಕ್ಕ?" ಎಂದು ನನ್ನನ್ನು ಕೇಳಿದಳು. ಅದು ಸರಿಯಾಗಿ ಬಂದಿಲ್ಲವಂತೆ ಕಣೇ ಎಂದೆ. "ಹೋಗ್ಲಿ ಬಿಡಿ, ಮುಂದಿನ ಸಲ ಬಂದಾಗ ತೆಗೆಸ್ಕೊಂಡ್ರಾಯ್ತು" ಎಂದಳು. ಹಾಲಮ್ಮ ಆಗ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಈ ಮಾತು ಅವಳ ಕಿವಿಗೆ ಬೀಳಲಿಲ್ಲ.

ಮಳೆಗಾಲದ ಕೊನೆಯಲ್ಲಿ ಗಿರಿಜೆಗೆ ಕಾಮಾಲೆಯಾಯಿತು. ಹೊಟ್ಟೆಯಲ್ಲಿ ಮೂರು ತಿಂಗಳ ಕೂಸು ಬೇರೆ. ಹಾಲಮ್ಮ ಲಕ್ಕವಳ್ಳಿಗೆ ಹೋಗಿ ಅಲ್ಲೇ ಉಳಿದಳು. ನಾಟಿ ಔಷಧಿ ಆಯಿತು, ಆಸ್ಪತ್ರೆಯೂ ಆಯಿತು. ಒಂದು ಬುಧವಾರ ಬೆಳಿಗ್ಗೆ, ಜಿಟಿಜಿಟಿ ಮಳೆಯಲ್ಲಿ, ಹಾಲಮ್ಮನ ಮೈದುನ ನಮ್ಮ ಬಾಗಿಲಿಗೆ ಬಂದು ನಿಂತ. ಟವೆಲಿನಿಂದ ತಲೆ ಒರೆಸಿಕೊಂಡ. ಆಮೇಲೆ, "ಗಿರಿಜಾ ಹೋಗ್ಬಿಟ್ಲು ಕಣಕ್ಕ. ಸಂಜೆ ಒಳಗೆ ಮಣ್ಣು ಮಾಡ್ತಾರೆ. ಫೋಟೋ ಸಾರ್ನ ಕರ್ಕಂಬಾ ಅಂತ ಹಾಲಕ್ಕ ಹೇಳವ್ಳೆ. ಕೂರಿಸಿದ ಮೇಲೆ ಒಂದು ಫೋಟೋ ಬೇಕಂತೆ" ಎಂದ.

ಹಾಲಮ್ಮನ ಜನದಲ್ಲಿ ತೀರಿಹೋದವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ಹೂವಿನ ಹಾರ ಹಾಕಿ, ಕೂರಿಸುತ್ತಾರೆ. ಕೂತ ಹಾಗೆಯೇ ಮಣ್ಣಿಗೆ ಇಳಿಸುತ್ತಾರೆ. ಕೂರಿಸಿದಾಗ ಮನೆಯವರೆಲ್ಲ ಸುತ್ತ ನಿಂತು ಕೊನೆಯ ಫೋಟೋ ತೆಗೆಸಿಕೊಳ್ಳುವುದುಂಟು.

ಸೆರಗು ತಲೆಗೆ ಹಾಕಿಕೊಂಡು ಬ್ಯಾಂಕಿಗೆ ನಡೆದೆ. ಅಂದು ಮೇಷ್ಟರುಗಳ ಸಂಬಳದ ದಿನ. ಕಂಬಿಯ ಮುಂದೆ ಕೊಡೆಗಳಿಂದ ನೀರು ಸುರಿದು ನೆಲವೆಲ್ಲ ಕೆಸರು. ವಿಷಯ ಕೇಳಿ ಇವರ ಬೆರಳು ನೋಟಿನ ಕಟ್ಟಿನ ಮೇಲೆಯೇ ನಿಂತಿತು. ಮ್ಯಾನೇಜರು ಎದ್ದು ಬಂದರು.

"ನಾನು ಬೇಡ ಅಂತೀನಾ ತಾಯಿ? ಇವನ ಕೀ ಇನ್ನೊಬ್ಬರಿಗೆ ಕೊಡಬೇಕಂದ್ರೆ ಮೇಲಿನ ಆಫೀಸಿಂದ ಆರ್ಡರ್ ಬರ್ಬೇಕು. ಇವನು ಎದ್ದು ಹೋದ್ರೆ ತಿಜೋರಿ ತೆರೆದೇ ಇರುತ್ತೆ. ಕ್ಯಾಶ್ ಮುಚ್ಚಿದ ಕ್ಷಣ ಕಳಿಸ್ತೀನಿ. ನನ್ನ ಕೈಯಲ್ಲಿರೋದು ಅಷ್ಟೆ."

ಸಾಲಿನಲ್ಲಿ ಹಿಂದಿದ್ದ ಮೇಷ್ಟರೊಬ್ಬರು, "ಸ್ವಲ್ಪ ಬೇಗ ಸಾರ್, ಬಸ್ಸಿದೆ" ಎಂದರು. ಅವರಿಗೇನು ಗೊತ್ತು ಪಾಪ. ಇವರು ಮತ್ತೆ ನೋಟು ಎಣಿಸತೊಡಗಿದರು.

ನಾನು ಮನೆಗೆ ಬಂದು ಕ್ಯಾಮೆರಾದ ಮುಂದೆ ಕೂತೆ. ನಾನೇ ತೆಗೆದುಕೊಂಡು ಹೋಗಿಬಿಡಲೇ ಎನ್ನಿಸಿತು. ಆದರೆ ನನಗೆ ಅದನ್ನು ತೆರೆಯಲೂ ಬರುತ್ತಿರಲಿಲ್ಲ. ಹಿಡಿಯುವುದು ಇವರ ಕೆಲಸ, ಹಿಡಿದದ್ದನ್ನು ತೊಳೆಯುವುದು ನನ್ನದು ಎಂದು ಮನೆಯಲ್ಲಿ ಹಂಚಿಕೆಯಾಗಿಹೋಗಿತ್ತು. ಕಾದು ಕೂತಿದ್ದ ಹಾಲಮ್ಮನ ಮೈದುನ, "ನಾನು ಹೊಂಟೆ ಕಣಕ್ಕ, ಹೆಗಲು ಕೊಡ್ಬೇಕು" ಎಂದು ಎದ್ದುಹೋದ.

ಬ್ಯಾಂಕು ಮುಚ್ಚಿದ ಕೂಡಲೇ ಇವರು ಊಟವನ್ನೂ ಮಾಡದೆ ತರೀಕೆರೆಯ ಬಸ್ಸು ಹಿಡಿದರು. ಅಲ್ಲಿಂದ ಲಕ್ಕವಳ್ಳಿಗೆ ಇನ್ನೊಂದು ಬಸ್ಸು. ತಲುಪುವ ಹೊತ್ತಿಗೆ ಎಲ್ಲ ಮುಗಿದು ಜನ ಸ್ನಾನ ಮಾಡಿ ಜಗಲಿಯ ಮೇಲೆ ಕೂತಿದ್ದರಂತೆ. ಹೆಗಲಲ್ಲಿ ಕ್ಯಾಮೆರಾ ಹಾಕಿಕೊಂಡು ಇವರು ಅಂಗಳದಲ್ಲಿ ನಿಂತಾಗ ಹಾಲಮ್ಮ ಬೈಯಲಿಲ್ಲವಂತೆ. "ನನ್ನ ಮಗಳಿಗೆ ವಾರ ನೋಡ್ಕಂಡು ಹೋಗಕ್ಕೆ ಗೊತ್ತಾಗ್ಲಿಲ್ಲ ಕಣಪ್ಪ" ಎಂದಳಂತೆ, ಅಷ್ಟೆ. ಇದನ್ನು ನನಗೆ ಹೇಳಿ ಇವರು ಗೋಡೆಯ ಕಡೆ ತಿರುಗಿ ಮಲಗಿದರು.

ಕರ್ಮಗಳೆಲ್ಲ ಮುಗಿದ ಮೇಲೆ ಹಾಲಮ್ಮ ಅಜ್ಜಂಪುರಕ್ಕೆ ಬಂದಳು. ಬಂದ ಮೊದಲ ಭಾನುವಾರವೇ ನಮ್ಮ ಮೆಟ್ಟಿಲ ಮೇಲೆ ಕೂತಳು. ಮಡಿಲಲ್ಲಿ ಆಲ್ಬಮ್ಮು.

"ಇದ್ರಲ್ಲಿ ಎಲ್ಲಾ ನೆಲ ನೋಡ್ತಾ ಅವ್ಳೆ ಕಣವ್ವ. ಒಂದ್ರಲ್ಲೂ ನನ್ನ ಮಗಳಿಲ್ಲ. ನಾವಿಬ್ರೂ ನಿಂತಿದ್ವಲ್ಲ, ಬಾಸಿಂಗ ಬಿಚ್ಚಿದ ಮೇಲೆ? ಅದೊಂದು ಕೊಡಿ. ಅದ್ರಲ್ಲಿ ಕತ್ತೆತ್ತಿ ನೋಡಿದ್ಳು."

ನಾನು ಇವರ ಕಡೆ ನೋಡಿದೆ. ಸರಿಯಾಗಿ ಬಂದಿಲ್ಲ ಎನ್ನುತ್ತಾರೆ ಎಂದುಕೊಂಡೆ. ಆದರೆ ಇವರು, "ಹುಡುಕ್ತೀನಿ ಹಾಲಮ್ಮ" ಎಂದರು.

ಮುಂದಿನ ಭಾನುವಾರ ಬಂದಳು. ಅದರ ಮುಂದಿನ ಭಾನುವಾರವೂ ಬಂದಳು. ಅಷ್ಟು ಹೊತ್ತಿಗೆ ಇವರು ಮದುವೆಗಳನ್ನು ಒಪ್ಪಿಕೊಳ್ಳುವುದನ್ನು ಬಿಟ್ಟಿದ್ದರು. ಕೇಳಲು ಬಂದವರಿಗೆ ಕೈಗೆ ನೋವು ಎನ್ನುತ್ತಿದ್ದರು. ಹಾಲಮ್ಮ ನಿಧಾನಕ್ಕೆ ಮೆಟ್ಟಿಲೇರಿ, "ಸಿಕ್ತಾ?" ಎಂದು ಕೇಳುವುದು, ಇವರು ಇನ್ನೂ ಇಲ್ಲ ಎನ್ನುವುದು, ನಾನು ಕಾಫಿ ತರುವುದು. ಅವಳು ಲೋಟದ ತಳದ ಗಸಿಯವರೆಗೂ ಕುಡಿದು, ಲೋಟವನ್ನು ತಾನೇ ತೊಳೆದಿಟ್ಟು ಹೋಗುತ್ತಿದ್ದಳು.

ಒಂದು ದಿನ ನಾನೇ ಕುಂಚ ಹಿಡಿದೆ. ಮದುವೆಯ ಒಂದು ಪ್ರಿಂಟು ದೊಡ್ಡದಾಗಿ ಹಾಕಿ, ಬಗ್ಗಿದ ರೆಪ್ಪೆಗಳ ಮೇಲೆ ಕಣ್ಣು ಬರೆಯಲು ಕೂತೆ. ಮೊದಲನೆಯದು ಬೆಚ್ಚಿಬಿದ್ದವಳ ಹಾಗೆ ಬಂತು. ಎರಡನೆಯದು ಕ್ಯಾಲೆಂಡರಿನ ದೇವಿಯ ಹಾಗೆ. ಮೂರನೆಯದಕ್ಕೆ ಜೀವ ಬಂದಿತ್ತು, ಆದರೆ ಅದು ಯಾರೋ ಬೇರೆಯವಳು. ತಿಂಗಳುಗಟ್ಟಲೆ ಪಕ್ಕದಲ್ಲಿ ಕೂತಿದ್ದ ಹುಡುಗಿಯನ್ನು ನಾನು ಹೆಚ್ಚು ನೋಡಿದ್ದು ಕೆಂಪು ಬಲ್ಬಿನಲ್ಲಿ. ಆ ಬೆಳಕಿನಲ್ಲಿ ಎಲ್ಲರ ಕಣ್ಣೂ ಒಂದೇ ಕಪ್ಪು. ಕಿರಿದಾಗುವ ಎಡಗಣ್ಣು ನನಗೆ ನೆನಪಿತ್ತು. ಕೈಗೆ ಬರಲಿಲ್ಲ. ಮೂರನ್ನೂ ಒಲೆಗೆ ಹಾಕಿದೆ. ಹಾಕುವಾಗಲೂ ಹಿಂಸೆಯಾಯಿತು, ಆ ಮೂರನೆಯವಳು ನನ್ನನ್ನೇ ನೋಡುತ್ತಿದ್ದಳು.

ದೀಪಾವಳಿ ಕಳೆದ ಮೇಲಿನ ಭಾನುವಾರ ಇವರು ಹಾಲಮ್ಮನ ಎದುರು, ಅವಳಿಗಿಂತ ಕೆಳಗಿನ ಮೆಟ್ಟಿಲಲ್ಲಿ ಕೂತರು.

"ಹಾಲಮ್ಮ, ಆವತ್ತು ಕ್ಯಾಮೆರಾದಲ್ಲಿ ರೋಲಿರ್ಲಿಲ್ಲ. ಮುಗಿದುಹೋಗಿತ್ತು. ಗಿರಿಜಾ ಬೇಜಾರು ಮಾಡ್ಕೋಬಾರ್ದು ಅಂತ ಬರೀ ಲೈಟು ಹೊಡೆದೆ. ಫೋಟೋ ಇಲ್ಲ. ತೆಗೆದೇ ಇಲ್ಲ."

ಹಾಲಮ್ಮ ಇವರ ಕಡೆ ಬಗ್ಗಿದಳು.

"ಲೈಟು ಬಿತ್ತಲ್ಲಪ್ಪ. ಅವಳ ಮುಖದ ಮೇಲೆ ಬಿತ್ತು. ನನ್ನ ಕಣ್ಣಿಗೂ ಬಿತ್ತು, ನಾ ಪಕ್ಕದಲ್ಲೇ ಇದ್ದೆ."

"ಬಿತ್ತು."

"ಅವಳು ಕತ್ತೆತ್ತಿದ್ದೂ ನಿಜ ತಾನೆ?"

"ನಿಜ."

"ಮತ್ತೆ, ಬಿದ್ದಿದ್ದು ಎಲ್ಲಿಗೋಯ್ತು?"

ನಾನು ಕಾಫಿಯ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ರೋಲು, ಮದ್ದು, ಕಾಗದ ಎಲ್ಲವನ್ನೂ ಇಂಗ್ಲಿಷಿನಲ್ಲಿ ಓದಿ ತಿಳಿದವಳು ನಾನು. ಆ ತಾಯಿಗೆ ತಿಳಿಸುವಂಥ ಒಂದು ಮಾತು ನನ್ನ ಹತ್ತಿರ ಇರಲಿಲ್ಲ. ಸಿಟ್ಟಾಗಿದ್ದರೆ, ನಾಲ್ಕು ಜನರ ಮುಂದೆ ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳು ಕಾಫಿ ಕುಡಿದು, ಲೋಟ ತೊಳೆದು, "ಇರ್ಲಿ, ನಿಧಾನಕ್ಕೆ ಹುಡುಕಪ್ಪ" ಎಂದು ಎದ್ದುಹೋದಳು. ಮುಂದಿನ ಭಾನುವಾರ ಮತ್ತೆ ಬಂದಳು.

ಯುಗಾದಿಗೆ ಮುಂಚೆ ಇವರಿಗೆ ಹಾಸನದ ಕಡೆಗೆ ವರ್ಗವಾಯಿತು. ಲಾರಿಗೆ ಸಾಮಾನು ಏರಿಸುವಾಗ ಹಾಲಮ್ಮ ಬಂದು, ಇವರು ನೆಗೆಟಿವ್ ಕವರುಗಳನ್ನು ತುಂಬಿದ್ದ ಟ್ರಂಕನ್ನು ಕೈಯಿಂದ ಸವರಿದಳು. "ಹೊಸ ಊರಲ್ಲಿ ಸಾಮಾನು ಬಿಚ್ಚೋವಾಗ ಒಂದ್ಸಲ ನೋಡವ್ವ. ಯಾವುದ್ರಾಗಾದ್ರೂ ಸೇರ್ಕಂಡಿರ್ತದೆ" ಎಂದು ನನ್ನ ಕೈ ಹಿಡಿದಳು.

"ನೋಡ್ತೀವಿ ಹಾಲಮ್ಮ" ಎಂದೆ. ಬೇರೆ ಏನನ್ನಬಹುದಿತ್ತು?

ಹೊಸ ಮನೆಯಲ್ಲಿ ಮೊದಲು ಬಿಚ್ಚಿದ್ದು ಒಲೆ ಪಾತ್ರೆಗಳ ಮೂಟೆಯನ್ನಲ್ಲ. ನಾನು ಬಾವಿಯಿಂದ ನೀರು ತಂದು ಒಳಗೆ ಬರುವಾಗ ಇವರು ಟ್ರಂಕನ್ನು ನೆಲಕ್ಕೆ ಸುರಿದುಕೊಂಡು ಕಿಟಕಿಯ ಹತ್ತಿರ ಕೂತಿದ್ದರು. ಅಂಥದೊಂದು ಫೋಟೋ ಇಲ್ಲವೆಂದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವರು ಅವರೇ. ಒಂದೊಂದು ಕವರನ್ನೂ ಬಿಚ್ಚಿ, ಒಂದೊಂದು ನೆಗೆಟಿವ್ವನ್ನೂ ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿ ಪಕ್ಕಕ್ಕೆ ಇಡುತ್ತಿದ್ದರು. ನಾನು ಕೊಡ ಇಳಿಸಿ ಪಕ್ಕದಲ್ಲಿ ಕೂತು, ಮುಂದಿನ ಕವರನ್ನು ಬಿಚ್ಚಿ ಅವರ ಕೈಗೆ ಕೊಟ್ಟೆ.